ವೃದ್ಧಾಶ್ರಮ ಕೆಡವಿ ಏಳು ಮಹಡಿ ಕಟ್ಟುತ್ತಾರಂತೆ: ಯಾರನ್ನು, ಯಾವಾಗ, ಏನು ಕೇಳಬೇಕು?

ಪ್ರಶ್ನೆ: ಧಾರವಾಡದ ಹಳೆ ಬಡಾವಣೆಯೊಂದರಲ್ಲಿ ನಮ್ಮ ಮನೆ ಇದೆ. ಕಾಂಪೌಂಡಿಗೆ ಹತ್ತಿಕೊಂಡೇ ಒಂದು ಟ್ರಸ್ಟಿನ ವೃದ್ಧಾಶ್ರಮ. ಹಂಚಿನ ಕಟ್ಟಡ, ಮುಂದೆ ದೊಡ್ಡ ಅಂಗಳ. ನಮ್ಮ ದೊಡ್ಡಮ್ಮ ಕೆಲವು ವರ್ಷಗಳಿಂದ ಅಲ್ಲೇ ಇದ್ದಾರೆ. ಈಗ ಅದನ್ನು ಕೆಡವಿ, ಕೆಳಗೆ ಬೇಸ್‌ಮೆಂಟ್ ತೋಡಿ, ಏಳು ಮಹಡಿಯ 'ಸೀನಿಯರ್ ಲಿವಿಂಗ್' ಕಟ್ಟುತ್ತಾರಂತೆ. ಒಳಗಿರುವವರಿಗೆ 'ತಾತ್ಪೂರ್ತಿಕವಾಗಿ ಬೇರೆ ಕಡೆ ನೋಡಿಕೊಳ್ಳಿ' ಎಂದು ಬಾಯಿಮಾತಲ್ಲಿ ಹೇಳಿದ್ದಾರೆ. ಓಣಿಯವರು ತಕರಾರು ಅರ್ಜಿ ಬರೆದು ಸಹಿ ಮಾಡಿಸುತ್ತಿದ್ದಾರೆ. ನಮ್ಮನ್ನೆಲ್ಲ ಕರೆದು ಸಭೆ ಮಾಡುತ್ತಾರಾ? ಹುಡಾಕ್ಕೆ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಹೋಗಬೇಕೋ, ಪಾಲಿಕೆಗೋ? ಇದನ್ನು ತಡೆಯಬಹುದಾ? ದೊಡ್ಡಮ್ಮನ ಗತಿ ಏನು?

ಉತ್ತರ: ಮೊದಲು ಬೇಸರದ ಸುದ್ದಿ ಹೇಳಿಬಿಡುತ್ತೇನೆ. ಸಭೆ ಕರೆಯುವುದಿಲ್ಲ. ಕಟ್ಟಡದ ನಕ್ಷೆ ಮಂಜೂರು ಮಾಡುವಾಗ ಅಕ್ಕಪಕ್ಕದವರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ನಕ್ಷೆ ನಿಯಮಕ್ಕೆ ಹೊಂದಿದರೆ ಲೈಸೆನ್ಸ್ ಸಿಗುತ್ತದೆ, ಅಷ್ಟೇ. ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕು. ಆದರೆ ಕಟ್ಟಡ ಯೋಜನೆಗಳಿಗೆ ಅಲ್ಲೂ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಇದೆ.

ಜನ ಒಳಗೆ ಹೋಗಬಹುದಾದ ಬಾಗಿಲು ಮುಖ್ಯವಾಗಿ ಒಂದೇ. ಅದು ಭೂ ಬಳಕೆ ಬದಲಾವಣೆ. ನಿಮ್ಮ ವಿಷಯದಲ್ಲಿ ಆ ಬಾಗಿಲು ಇದೆಯೋ ಇಲ್ಲವೋ ಅಂತ ನೋಡುವುದೇ ಮೊದಲ ಕೆಲಸ. ಓಣಿಯವರು ಬರೆಯುತ್ತಿರುವ ಅರ್ಜಿಯಲ್ಲಿ ಏನಿರುತ್ತದೆ ಅಂತ ನಾನು ಊಹಿಸಬಲ್ಲೆ. ಕಟ್ಟಡ ಎತ್ತರ ಆಯಿತು, ಬಿಸಿಲು ಬರಲ್ಲ, ಗಾಡಿ ಜಾಸ್ತಿ ಆಗುತ್ತೆ, ಓಣಿಯ ಶಾಂತಿ ಹಾಳಾಗುತ್ತೆ. ಇದೆಲ್ಲ ನಿಜವೇ ಇರಬಹುದು. ಆದರೆ ಇಂಥ ಅರ್ಜಿ ಟಪಾಲು ವಿಭಾಗಕ್ಕೆ ಹೋಗಿ, ಆವಕ ನಂಬರ್ ಬಿದ್ದು, ಕಡತದ ಹಿಂಭಾಗಕ್ಕೆ ಸೇರುತ್ತದೆ. ಅದಕ್ಕೆ ಉತ್ತರ ಕೊಡಲೇಬೇಕಾದ ಅಧಿಕಾರಿ ಯಾರೂ ಇಲ್ಲ. ಇನ್ನೂರು ಸಹಿ ಹಾಕಿಸಿದರೂ ಅಷ್ಟೇ, ಎರಡು ಹಾಕಿಸಿದರೂ ಅಷ್ಟೇ.

ಹಾಗಾಗಿ ಕಟ್ಟಡ ಬಿಡಿ, ಮೊದಲು ಜಾಗ ನೋಡಿ.

ಸಿಟಿ ಸರ್ವೆ ಕಚೇರಿಯಿಂದ ಆ ಸಿಟಿಎಸ್ ನಂಬರಿನ ಪ್ರಾಪರ್ಟಿ ಕಾರ್ಡ್ ತೆಗೆಸಿ. ಹಳೆ ರಿವಿಜನ್ ಸರ್ವೆ ನಂಬರ್ ಇದ್ದರೆ ಉತಾರ, ಅಂದರೆ ಪಹಣಿ, ತೆಗೆಸಿ. ಮಾಲೀಕರ ಕಾಲಂನಲ್ಲಿ ಯಾರ ಹೆಸರಿದೆ, ಇತರೆ ಹಕ್ಕುಗಳಲ್ಲಿ ಏನು ಬರೆದಿದೆ ಅಂತ ಓದಿ. ಎಷ್ಟೋ ಟ್ರಸ್ಟುಗಳ ಜಾಗ ಅವರ ಸ್ವಂತದ್ದಲ್ಲ. ಬಡಾವಣೆ ಮಾಡುವಾಗ ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟ ಸೈಟು, ಅಂದರೆ ಎಲ್ಲರೂ ಹೇಳುವ ಸಿಎ ಸೈಟು, ಗುತ್ತಿಗೆಗೆ ಕೊಟ್ಟಿದ್ದಿರುತ್ತದೆ. ಇಲ್ಲವೇ ಪಾಲಿಕೆ ಜಾಗ ಲೀಜಿಗೆ ಪಡೆದಿರುತ್ತಾರೆ. ಲೀಜ್ ಪತ್ರದಲ್ಲಿ 'ವೃದ್ಧಾಶ್ರಮ ನಡೆಸುವ ಸಲುವಾಗಿ' ಅಂತಿದ್ದರೆ, ಅಲ್ಲಿ ಫ್ಲ್ಯಾಟ್ ಕಟ್ಟಿ ಮಾರುವ ಮಾತೇ ಬರುವುದಿಲ್ಲ. ಆಗ ನಿಮ್ಮ ಅರ್ಜಿ ನಾಲ್ಕು ಸಾಲಿನದಾದರೆ ಸಾಕು: ಜಾಗ ಇಂಥ ಉದ್ದೇಶಕ್ಕೆ ಕೊಟ್ಟದ್ದು, ಈಗ ಇಂಥ ಉದ್ದೇಶಕ್ಕೆ ಬಳಸುತ್ತಿದ್ದಾರೆ, ಲೀಜ್ ಷರತ್ತು ಇಂತಿದೆ, ಕ್ರಮ ಕೈಗೊಳ್ಳಿ. ಇದಕ್ಕೆ ಉತ್ತರ ಕೊಡದೆ ಸುಮ್ಮನಿರುವುದು ಕಷ್ಟ.

ಜಾಗ ಟ್ರಸ್ಟಿನದೇ ಸ್ವಂತ ಅಂತಾದರೆ ಮುಂದಿನ ಹೆಜ್ಜೆ ಮಾಸ್ಟರ್ ಪ್ಲಾನ್ ನಕ್ಷೆ, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ಬಣ್ಣದಲ್ಲಿ ಗುರುತಿಸಿದ ನಕ್ಷೆ. ಇದು ಇರುವುದು ಹುಬ್ಬಳ್ಳಿ ನವನಗರದ ಹುಡಾ ಕಚೇರಿಯಲ್ಲಿ. ನಮ್ಮ ಅವಳಿ ನಗರಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಯೋಜನಾ ಪ್ರಾಧಿಕಾರ ಅದೇ. ನಕ್ಷೆಯಲ್ಲಿ ಹಳದಿ ಬಣ್ಣ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ, ಕೆಂಪು ಅಂದರೆ ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆ. ಹಳೆ ವೃದ್ಧಾಶ್ರಮ, ಶಾಲೆ, ಆಸ್ಪತ್ರೆಗಳು ಸಾಮಾನ್ಯವಾಗಿ ಕೆಂಪಿನಲ್ಲಿ ಬರುತ್ತವೆ. ನಿಮ್ಮ ಪಕ್ಕದ ಜಾಗ ಕೆಂಪಿನಲ್ಲಿದ್ದು, ಅಲ್ಲಿ ಮಾರಾಟದ ಫ್ಲ್ಯಾಟ್ ಬರುತ್ತಿದ್ದರೆ, ಬಳಕೆ ಬದಲಾಯಿಸಬೇಕಾಗುತ್ತದೆ. ಅದೇ ಕಾಯ್ದೆಯ 14-ಎ ಕಲಂ ಪ್ರಕಾರ ಇದಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು. ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ನಾನು ಹೇಳಿದ ಬಾಗಿಲು ಇದು. ಪ್ರಕಟಣೆಯಲ್ಲಿ ನಿಮ್ಮ ಓಣಿಯ ಹೆಸರು ಇರದೆ ಬರೀ ಸರ್ವೆ ನಂಬರ್ ಇರುವ ಸಾಧ್ಯತೆ ಇದೆ, ಅದೂ ಒಳಪುಟದ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ. ಅದಕ್ಕೇ ಸರ್ವೆ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ. ಒಬ್ಬರು ದಿನಾ ಪತ್ರಿಕೆ ನೋಡುವ ಜವಾಬ್ದಾರಿ ಹೊರಲಿ. ಓಣಿಯಲ್ಲಿ ನಿವೃತ್ತ ಮಾಸ್ತರರು ಯಾರಾದರೂ ಇದ್ದೇ ಇರುತ್ತಾರೆ, ಧಾರವಾಡದಲ್ಲಿ ಅದಕ್ಕೇನು ಬರ!

ಹಳದಿಯಲ್ಲಿದ್ದರೆ ಆ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ. ವಸತಿ ವಲಯದಲ್ಲಿ ಹಿರಿಯರ ಮನೆ ಕಟ್ಟುವುದಕ್ಕೆ ಯಾರೂ ಅಡ್ಡ ಬರಲಾರರು. ಬರಬಾರದು ಕೂಡ ಅಂತ ನನ್ನ ಅಭಿಪ್ರಾಯ.

ಇಲ್ಲಿ ನಿಮಗೆ ಒಂದು ಮಾತು ನೇರವಾಗಿ ಹೇಳುತ್ತೇನೆ. ಪೂರ್ತಿ ತಡೆಯುವ ಆಸೆ ಬಿಡಿ. ಹಂಚಿನ ಹಳೆ ಕಟ್ಟಡ ಕಣ್ಣಿಗೆ ಚಂದ. ಮಳೆಗಾಲದಲ್ಲಿ ಎಂಬತ್ತು ದಾಟಿದವರು ಅಂಗಳ ದಾಟಿ ಬಚ್ಚಲಿಗೆ ಹೋಗಬೇಕು ಅಂದಾಗ ಆ ಚಂದ ಉಳಿಯುವುದಿಲ್ಲ. ಎತ್ತರದ ಹೊಸ್ತಿಲು, ನುಣುಪಾದ ಕಡಪ ಕಲ್ಲು, ಕತ್ತಲೆ ಪಡಸಾಲೆ. ಹೊಸ ಕಟ್ಟಡ ಬರಲಿ. ಅದು ಎಂಥದ್ದು ಬರಬೇಕು ಅನ್ನುವುದರ ಮೇಲೆ ನಿಮ್ಮ ಶಕ್ತಿ ಖರ್ಚು ಮಾಡಿ.

ಅದಕ್ಕೆ ಕಟ್ಟಡದ ನಕ್ಷೆ ಕೈಯಲ್ಲಿ ಬೇಕು. ಕಟ್ಟಡ ಲೈಸೆನ್ಸ್ ಕೊಡುವುದು ಪಾಲಿಕೆ, 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಡಿ. 1962ರಿಂದ ಹುಬ್ಬಳ್ಳಿ, ಧಾರವಾಡ ಎರಡೂ ಊರಿಗೆ ಒಂದೇ ಪಾಲಿಕೆ ಇತ್ತು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಹಾಗಾಗಿ ಅರ್ಜಿ ಮೇಲೆ ವಿಳಾಸ ಬರೆಯುವ ಮುಂಚೆ ಕಡತ ಯಾರ ಟೇಬಲ್ ಮೇಲಿದೆ ಅಂತ ಕೇಳಿಕೊಳ್ಳಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದು ಗೊತ್ತಿಲ್ಲದೆ ಎರಡು ಪುಟ ಬರೆದು ವಾಪಸ್ ಬಂದವರು ಬಹಳ. ಒಂದರಲ್ಲಿ ಸಲ್ಲಿಸಿದ ನಕ್ಷೆಯ ಪ್ರತಿ ಕೇಳಿ. ಇನ್ನೊಂದರಲ್ಲಿ ಕಡತ ಖುದ್ದಾಗಿ ನೋಡಲು ಅವಕಾಶ ಕೇಳಿ. ಉತ್ತರಕ್ಕೆ 30 ದಿನದ ಗಡುವು ಇದೆ. ಎರಡನೆಯ ಅರ್ಜಿಯ ಪ್ರಯೋಜನವೇ ಜಾಸ್ತಿ. ನಕ್ಷೆ ಒಂದೇ ಹಾಳೆ, ಕಡತದಲ್ಲಿ ಟಿಪ್ಪಣಿಗಳಿರುತ್ತವೆ. ಯಾವ ಇಂಜಿನಿಯರ್ ಸ್ಥಳಕ್ಕೆ ಹೋಗಿದ್ದರು, ರಸ್ತೆ ಅಗಲ ಎಷ್ಟು ಅಂತ ಬರೆದರು, ಎಲ್ಲ ಅಲ್ಲಿರುತ್ತದೆ.

ರಸ್ತೆ ಅಗಲ ಅಂದೆನಲ್ಲ, ಅದನ್ನು ನೀವೇ ಟೇಪು ಹಿಡಿದು ಅಳೆಯಿರಿ. ಎಷ್ಟು ಮಹಡಿ, ಎಷ್ಟು ಚದರಡಿ ಕಟ್ಟಬಹುದು ಅನ್ನುವುದು ಬಹಳ ಮಟ್ಟಿಗೆ ರಸ್ತೆ ಅಗಲದ ಮೇಲೇ ನಿಂತಿದೆ. ನಕ್ಷೆಯಲ್ಲಿ ಮಾಸ್ಟರ್ ಪ್ಲಾನಿನ ಅಗಲ ಬರೆದಿರುತ್ತಾರೆ, ಸ್ಥಳದಲ್ಲಿ ಗಟಾರ, ಕಟ್ಟೆ, ಟ್ರಾನ್ಸ್‌ಫಾರ್ಮರ್ ಕಂಬ ಕಳೆದರೆ ಅದರಲ್ಲಿ ಎಷ್ಟೋ ಇರುವುದಿಲ್ಲ. 'ಗಾಡಿ ಜಾಸ್ತಿ ಆಗುತ್ತೆ' ಅನ್ನುವ ಅಳಲಿಗಿಂತ 'ಕಡತದಲ್ಲಿ ಇಷ್ಟು ಮೀಟರ್ ಇದೆ, ಸ್ಥಳದಲ್ಲಿ ಇಷ್ಟೇ ಇದೆ, ಫೋಟೊ ಲಗತ್ತಿಸಿದೆ' ಅನ್ನುವ ಸಾಲಿಗೆ ತೂಕ ಹೆಚ್ಚು. ನಿಜ ಹೇಳಬೇಕೆಂದರೆ ಹಿರಿಯರ ಕಟ್ಟಡದಿಂದ ಗಾಡಿ ಅಷ್ಟೊಂದು ಹೆಚ್ಚುವುದಿಲ್ಲ. ನೀವು ಕೇಳಬೇಕಾದ್ದು ಬೇರೆ: ಅಗ್ನಿಶಾಮಕ ಗಾಡಿ ಆ ತಿರುವಿನಲ್ಲಿ ತಿರುಗುತ್ತದಾ? ಆಂಬುಲೆನ್ಸ್ ಗೇಟಿನ ಒಳಗೆ ಹೋಗಿ ನಿಲ್ಲಲು ಜಾಗ ಇದೆಯಾ, ಇಲ್ಲ ಓಣಿಯಲ್ಲೇ ನಿಂತು ಸ್ಟ್ರೆಚರ್ ತಳ್ಳಬೇಕಾ?

ಈಗ ನಕ್ಷೆಯ ಹಾಳೆ. ಬಲ ಮೂಲೆಯಲ್ಲಿ ಚೌಕದೊಳಗೆ ಕಟ್ಟಡದ ಹೆಸರು ಬರೆದಿರುತ್ತದೆ. ನಾನಾಗಿದ್ದರೆ ಮೊದಲು ಅದನ್ನೇ ಓದುತ್ತೇನೆ. 'ಪ್ರಸ್ತಾವಿತ ವಸತಿ ಅಪಾರ್ಟ್‌ಮೆಂಟ್' ಅಂತಿದೆಯಾ, 'ವೃದ್ಧಾಶ್ರಮ' ಅಂತಿದೆಯಾ? 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅಪಾರ್ಟ್‌ಮೆಂಟು ಎ ಗುಂಪಿಗೆ, ಅಂದರೆ ವಸತಿಗೆ ಬರುತ್ತದೆ. ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕಟ್ಟಡ ಸಿ ಗುಂಪಿಗೆ ಬರುತ್ತದೆ. ಆಸ್ಪತ್ರೆ, ಅನಾಥಾಶ್ರಮಗಳೂ ಅದೇ ಗುಂಪಿನಲ್ಲಿವೆ. ಗುಂಪು ಬದಲಾದರೆ ಮೆಟ್ಟಿಲ ಅಗಲ, ಬೆಂಕಿ ಬಿದ್ದಾಗ ಹೊರಬರುವ ದಾರಿ, ಎಚ್ಚರಿಕೆ ಗಂಟೆ ಎಲ್ಲದರ ಲೆಕ್ಕವೂ ಬದಲಾಗುತ್ತದೆ. ಆಸ್ಪತ್ರೆಯಂಥ ಕಟ್ಟಡಕ್ಕೆ ಮೆಟ್ಟಿಲು 2 ಮೀಟರ್ ಅಗಲ ಕೇಳುತ್ತಾರೆ, ಫ್ಲ್ಯಾಟಿಗೆ ಅಷ್ಟು ಬೇಡ. ಬಿಲ್ಡರ್‌ಗೆ ಎ ಗುಂಪೇ ಅಗ್ಗ. ಆದ್ದರಿಂದ ಪಾಂಪ್ಲೆಟ್‌ನಲ್ಲಿ 'ನರ್ಸ್ ಇರುತ್ತಾರೆ, ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುತ್ತೇವೆ' ಅಂತ ಹಾಕಿ, ಕಚೇರಿಗೆ ಕೊಟ್ಟ ನಕ್ಷೆಯಲ್ಲಿ 'ಅಪಾರ್ಟ್‌ಮೆಂಟ್' ಅಂತ ಬರೆದಿದ್ದರೆ ಎರಡನ್ನೂ ಜೋಡಿಸಿ ಆಯುಕ್ತರಿಗೂ ಅಗ್ನಿಶಾಮಕ ಇಲಾಖೆಗೂ ಕೊಡಿ. ಇಡೀ ಕಡತದಲ್ಲಿ ನಿಮಗೆ ಸಿಗಬಹುದಾದ ಅತಿ ಗಟ್ಟಿ ಆಕ್ಷೇಪಣೆ ಇದೇ. ಎತ್ತರ 15 ಮೀಟರ್ ಮುಟ್ಟಿದರೆ ಸಂಹಿತೆಯ ಪ್ರಕಾರ ಅದು ಬಹುಮಹಡಿ ಕಟ್ಟಡ. ಏಳು ಮಹಡಿ ಅಂದರೆ ಅದನ್ನು ದಾಟಿಯೇ ದಾಟುತ್ತದೆ. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ ಅಂತ ಬೋರ್ಡು ಹಾಕುತ್ತಾರೆ. ವಾಕರ್ ಹಿಡಿದವರು ಏಳನೇ ಮಹಡಿಯಿಂದ ಇಳಿಯುವುದು ಹೇಗೆ? ಅದೇ ಮಹಡಿಯಲ್ಲಿ ಬೆಂಕಿ ತಡೆಯುವ ಬಾಗಿಲಿನ ಆಚೆ ಸುರಕ್ಷಿತ ಭಾಗ ತೋರಿಸಿದ್ದಾರಾ ಅಂತ ಕೇಳಿ.

ಇನ್ನು ಇಳಿಜಾರು. ನಕ್ಷೆಯಲ್ಲಿ 'ರ‍್ಯಾಂಪ್' ಅಂತ ಒಂದು ಬಾಣದ ಗುರುತು ಹಾಕಿ ಬಿಡುವುದು ರೂಢಿ. ಉದ್ದ ಅಳೆದು ನೋಡಿ. 1:12 ಲೆಕ್ಕ, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಪಾಯದ ಎತ್ತರ ಎರಡು ಅಡಿ ಇದ್ದರೆ ರ‍್ಯಾಂಪ್ 24 ಅಡಿ ಬೇಕು, ಮೇಲೆ ಕೆಳಗೆ ನಿಲ್ಲುವ ಸಮತಟ್ಟು ಜಾಗ ಬೇರೆ. ಹಾಳೆಯಲ್ಲಿ ಎಂಟು ಅಡಿ ಬರೆದಿದ್ದರೆ ಅದು ಸ್ಕೂಟರ್ ಹತ್ತಿಸುವ ಇಳಿಜಾರು, ಗಾಲಿಕುರ್ಚಿಯದ್ದಲ್ಲ. ಗಾಲಿಕುರ್ಚಿ ತಿರುಗಲು 1.5 ಮೀಟರ್ ಅಗಲದ ಜಾಗ ಬೇಕು. ಬಾತ್‌ರೂಮಿನಲ್ಲಿ ಅಷ್ಟು ಬಿಟ್ಟಿದ್ದಾರಾ? ಬಾತ್‌ರೂಮ್ ಬಾಗಿಲು 900 ಮಿಲಿಮೀಟರ್ ತೆರಪು ಕೊಡುತ್ತದಾ, ಹೊರಕ್ಕೆ ತೆರೆಯುತ್ತದಾ? ಒಳಕ್ಕೆ ತೆರೆಯುವ ಬಾಗಿಲಿದ್ದು, ಒಳಗೆ ಯಾರಾದರೂ ಬಿದ್ದರೆ, ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತದಾ? ಕರೆಂಟ್ ಹೋದರೆ ಲಿಫ್ಟಿಗೆ ಜನರೇಟರ್ ಇದೆಯಾ? ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಅದು ಮಾದರಿ ಅಷ್ಟೇ, ಅದನ್ನೇ ಕಾನೂನು ಅಂತ ವಾದಿಸಲು ಹೋಗಬೇಡಿ. ಆದರೆ ಟ್ರಸ್ಟಿನವರ ಜೊತೆ ಕೂತು ಮಾತಾಡುವಾಗ ಕೈಯಲ್ಲಿಟ್ಟುಕೊಳ್ಳಲು ಒಳ್ಳೆಯ ಕಾಗದ.

ನೀರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಳ ಯಾವಾಗ ಬರುತ್ತದೆ ಅನ್ನುವುದು ಓಣಿಯವರಿಗೇ ಚೆನ್ನಾಗಿ ಗೊತ್ತು. ಎಷ್ಟು ಜನರಿಗೆ ಲೆಕ್ಕ ಹಾಕಿ ಟ್ಯಾಂಕ್ ತೋರಿಸಿದ್ದಾರೆ, ಕೊಳಚೆ ನೀರು ಶುದ್ಧಮಾಡುವ ಘಟಕ ಇದೆಯಾ ಅಂತ ನೋಡಿದರೆ ಸಾಕು.

ಬೇಸ್‌ಮೆಂಟ್ ವಿಷಯ ಹಾಗಲ್ಲ. ಅದು ನಿಮ್ಮ ಗೋಡೆಯ ಪ್ರಶ್ನೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತದ್ದು ಈ ಊರಿನವರಿಗೆ ಮರೆತಿಲ್ಲ. ಪಕ್ಕದಲ್ಲಿ ಆಳಕ್ಕೆ ತೋಡುವಾಗ ನಿಮ್ಮ ಪಾಯದ ಕೆಳಗಿನ ಮಣ್ಣು ಸಡಿಲವಾಗಬಹುದು. ಮಣ್ಣು ಮಡ್ಡಿಯೋ (ಗಟ್ಟಿ ನೆಲ) ಎರೆಯೋ (ಕಪ್ಪು ಮಣ್ಣು) ಅನ್ನುವುದರ ಮೇಲೆ ಅಪಾಯ ಹೆಚ್ಚು ಕಡಿಮೆ ಆಗುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಹುಬ್ಬಳ್ಳಿ ಕಡೆಯ ಎಷ್ಟೋ ಮನೆಗಳ ಗೋಡೆ ಬಿರುಕಿಗೆ ಇದೇ ಕಾರಣ. ಧಾರವಾಡದ ಏರು ಭಾಗಗಳಲ್ಲಿ ಕೆಂಪು ಮಡ್ಡಿ ಜಾಸ್ತಿ. ಹಾಗಂತ ಊಹೆ ಮೇಲೆ ನಿಲ್ಲಬೇಡಿ, ಮಣ್ಣು ಪರೀಕ್ಷೆ ವರದಿ ಕೇಳಿ. ತೋಡುವ ಅಂಚಿಗೆ ಆಸರೆ ಹೇಗೆ ಕೊಡುತ್ತಾರೆ ಅನ್ನುವ ಚಿತ್ರ ಕೇಳಿ. ತೋಡಲು ಶುರುಮಾಡುವ ಮುಂಚೆ ನಿಮ್ಮ ಮನೆಯ ಪ್ರತಿ ಗೋಡೆಯ ಫೋಟೊ ತೆಗೆದಿಡಿ, ಪಕ್ಕದಲ್ಲಿ ಅವತ್ತಿನ ಪತ್ರಿಕೆ ಹಿಡಿದುಕೊಂಡು. ಈಗಾಗಲೇ ಬಿರುಕು ಇದ್ದರೆ ಅದರ ಮೇಲೆ ಅಡ್ಡಕ್ಕೆ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ, ಎರಡೂ ತುದಿಗೆ ಅಂಟು ಹಚ್ಚಿ, ದಿನಾಂಕ ಬರೆಯಿರಿ. ಬಿರುಕು ಅಗಲವಾದರೆ ಗಾಜು ಒಡೆಯುತ್ತದೆ. 'ಈ ಬಿರುಕು ಮೊದಲೇ ಇತ್ತಲ್ವಾ' ಅಂತ ಕಂಟ್ರಾಕ್ಟರ್ ಹೇಳಿದಾಗ ಆ ಗಾಜೇ ನಿಮ್ಮ ಸಾಕ್ಷಿ.

ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ. ಇದು ಹುಡಾದ ಕಡತದಲ್ಲೂ ಇಲ್ಲ, ಪಾಲಿಕೆಯ ಕಡತದಲ್ಲೂ ಇಲ್ಲ. ನಕ್ಷೆ ನೋಡುವ ಅಧಿಕಾರಿ ಗೋಡೆಯಿಂದ ಗಡಿಗೆ ಎಷ್ಟು ಅಂತರ ಅಂತ ಅಳೆಯುತ್ತಾರೆ. ಒಳಗಿದ್ದ ಹಿರಿಯರು ಎಲ್ಲಿ ಹೋದರು ಅಂತ ಕೇಳುವ ಕಾಲಂ ಅವರ ಫಾರಂನಲ್ಲಿಲ್ಲ. ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಇದು ಅಂತ ನನಗನಿಸುತ್ತದೆ. ಹಾಗಾಗಿ ಇದಕ್ಕೆ ಬೇರೆ ದಾರಿಯೇ ಹಿಡಿಯಬೇಕು.

ಅನೇಕರು ತಕ್ಷಣ 2007ರ ಹಿರಿಯ ನಾಗರಿಕರ ಕಾಯ್ದೆ ಹಿಡಿದು ಉಪವಿಭಾಗಾಧಿಕಾರಿ ನ್ಯಾಯಮಂಡಳಿಗೆ ಓಡುತ್ತಾರೆ. ಆ ನ್ಯಾಯಮಂಡಳಿ ಇರುವುದು ಮಕ್ಕಳು, ವಾರಸುದಾರರಿಂದ ಜೀವನಾಂಶ ಕೊಡಿಸಲು, ಬರೆದುಕೊಟ್ಟ ಆಸ್ತಿ ವಾಪಸ್ ಕೊಡಿಸಲು. ಆಶ್ರಮದ ಜೊತೆಗಿನ ತಂಟೆ ಅಲ್ಲಿ ನಿಲ್ಲುವುದು ಕಷ್ಟ. ಬದಲಿಗೆ ಸೇರುವಾಗ ಕಟ್ಟಿದ ಠೇವಣಿಯ ರಸೀದಿ, ತಿಂಗಳ ಪಾವತಿ, ಸೇರ್ಪಡೆ ಫಾರಂ ಎಲ್ಲ ಒಟ್ಟು ಮಾಡಿ. ದುಡ್ಡು ಕೊಟ್ಟು ಸೇವೆ ಪಡೆದಿದ್ದರೆ ದೊಡ್ಡಮ್ಮ ಗ್ರಾಹಕರು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆಶ್ರಮ ಸರ್ಕಾರದ ಅನುದಾನ ಪಡೆಯುತ್ತಿದ್ದರೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಬರೆಯಿರಿ. ಅನುದಾನ ಕೊಡುವವರ ಮಾತಿಗೆ ಬೆಲೆ ಇರುತ್ತದೆ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು.

ಎಲ್ಲಕ್ಕಿಂತ ಮುಂಚೆ ಟ್ರಸ್ಟಿನವರಿಂದ ಬರಹದಲ್ಲಿ ಪಡೆಯಬೇಕಾದ್ದು ಇದೆ. ಕೆಡವುವ ಅವಧಿಯಲ್ಲಿ ಎಲ್ಲಿ ಇಡುತ್ತೀರಿ, ಖರ್ಚು ಯಾರದು? ಕಟ್ಟಿದ ಮೇಲೆ ಈಗಿರುವವರಿಗೆ ವಾಪಸ್ ಜಾಗ ಇದೆಯಾ, ಈಗಿನ ದರದಲ್ಲೇನಾ? 'ನೋಡೋಣ, ಮಾಡೋಣ' ಅಂತ ಅಡ್ಡಗೋಡೆ ಮೇಲೆ ದೀಪ ಇಡುವ ಉತ್ತರ ಬಂದರೆ ಒಪ್ಪಬೇಡಿ, ಕೋಣೆ ಖಾಲಿ ಮಾಡಬೇಡಿ. ಎಲ್ಲ ಹಿರಿಯರ ಮನೆಯವರು ಸೇರಿ ಒಂದೇ ಪತ್ರ ಕೊಟ್ಟರೆ ಇನ್ನೂ ಒಳ್ಳೆಯದು. ಜೊತೆಗೆ ಟ್ರಸ್ಟ್ ಡೀಡ್‌ನ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದಾ ನೋಡಿ. 'ನಿರ್ಗತಿಕ ವೃದ್ಧರ ಸೇವೆ' ಅಂತ ಉದ್ದೇಶ ಬರೆದು ದಾನ ಪಡೆದ ಟ್ರಸ್ಟು, ಈಗ ಲಕ್ಷಗಟ್ಟಲೆ ಕೊಡಬಲ್ಲವರಿಗೆ ಮಾತ್ರ ಕೋಣೆ ಕೊಡುತ್ತದೆ ಅಂದರೆ ಅದು ಕೇಳಬೇಕಾದ ಪ್ರಶ್ನೆಯೇ. ಸಾರ್ವಜನಿಕ ಧರ್ಮದತ್ತಿ ದಾರಿ ತಪ್ಪಿದರೆ, ಆಸಕ್ತಿ ಇರುವ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಅಡಿ ದಾವೆ ಹಾಕಬಹುದು. ನಾನಾಗಿದ್ದರೆ ದಾವೆಗಿಂತ ಮುಂಚೆ ಇಷ್ಟು ಹಾಸಿಗೆ ಬಡವರಿಗೆ ಮೀಸಲು ಅಂತ ಬರೆಸಿಕೊಳ್ಳಲು ನೋಡುತ್ತೇನೆ. ಓಣಿಯವರ ಒಪ್ಪಿಗೆ ಕಾನೂನಿಗೆ ಬೇಡದಿದ್ದರೂ, ಲೈಸೆನ್ಸ್ ಸಿಗುವ ಮುಂಚೆ ಟ್ರಸ್ಟಿನವರಿಗೆ ಓಣಿಯವರ ತಕರಾರು ಬೇಡವಾಗಿರುತ್ತದೆ. ಆ ಹೊತ್ತಿನಲ್ಲಿ ಮಾತಾಡಿದರೆ ಸಿಗುವುದು ಆಮೇಲೆ ಸಿಗುವುದಿಲ್ಲ.

ಓಣಿಯಲ್ಲಿ ಯಾರಾದರೂ ಅಪ್ಪ ಅಮ್ಮನಿಗಾಗಿ ಅಲ್ಲೇ ಬುಕ್ ಮಾಡುವ ಯೋಚನೆಯಲ್ಲಿದ್ದರೆ ಒಂದು ಎಚ್ಚರಿಕೆ. 500 ಚದರ ಮೀಟರ್ ಮೀರಿದ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇರುವ ಯೋಜನೆಯನ್ನು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗುವ ಮುಂಚೆ ಜಾಹೀರಾತು ಮಾಡುವಂತಿಲ್ಲ, ಬುಕಿಂಗ್ ಮಾಡುವಂತಿಲ್ಲ. ಮಾರಾಟದ ಕರಾರು ನೋಂದಣಿಗೆ ಮುಂಚೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಆದರೆ ಬಾಡಿಗೆಗೆ ಪಡೆದವರಿಗೆ ರೇರಾ ರಕ್ಷಣೆ ಇಲ್ಲ. ದೊಡ್ಡ ಠೇವಣಿ, ಮೇಲೆ ತಿಂಗಳ ಶುಲ್ಕ, ಹೆಸರಿಗೆ ಏನೂ ಇಲ್ಲ ಅನ್ನುವ ಲೆಕ್ಕದಲ್ಲಿ ಕರೆಯುತ್ತಿದ್ದರೆ, ಠೇವಣಿ ವಾಪಸಾತಿಯ ಷರತ್ತು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಲೈಸೆನ್ಸ್ ಈಗಾಗಲೇ ಸಿಕ್ಕಿಬಿಟ್ಟಿದ್ದರೆ? ಆಗ ಉಳಿಯುವುದು ಮಂಜೂರಾದ ನಕ್ಷೆಯನ್ನೂ ಕಟ್ಟುತ್ತಿರುವುದನ್ನೂ ಹೋಲಿಸುವ ಕೆಲಸ. ನಕ್ಷೆ ಮೀರಿ ಕಟ್ಟಿದರೆ ಪಾಲಿಕೆ ಕಾಯ್ದೆಯ 321ನೇ ಕಲಂ ಅಡಿ ಆಯುಕ್ತರು ತೆರವು ಆದೇಶ ಮಾಡಬಹುದು. ದೂರನ್ನು ಪಾಯದ ಹಂತದಲ್ಲೇ ಕೊಡಿ. ಐದನೇ ಸ್ಲ್ಯಾಬ್ ಬಿದ್ದ ಮೇಲೆ ಯಾರೂ ಕೆಡವುವುದಿಲ್ಲ. ಕಚೇರಿಗಳು ಕಿವಿಗೊಡದಿದ್ದರೆ ಹೈಕೋರ್ಟಿನ ಧಾರವಾಡ ಪೀಠ ಊರಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ಅಲ್ಲೂ ಮೊದಲು ಕೇಳುವುದು ನೀವು ಯಾವ ತಾರೀಖಿಗೆ ಯಾರಿಗೆ ಅರ್ಜಿ ಕೊಟ್ಟಿರಿ ಅಂತ. ಆವಕ ನಂಬರ್ ಬಿದ್ದ ಪ್ರತಿ ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಿ.

ಕಟ್ಟಡ ಮುಗಿದು ದೊಡ್ಡಮ್ಮನನ್ನು ವಾಪಸ್ ಕರೆಯುವ ದಿನ ಬಂದಾಗ ಎರಡು ಕಾಗದ ನೋಡಿ: ಪಾಲಿಕೆ ಕೊಟ್ಟ ವಾಸಯೋಗ್ಯ ಪ್ರಮಾಣಪತ್ರ, ವಿದ್ಯುತ್ ಪರಿವೀಕ್ಷಣಾಲಯ ಕೊಟ್ಟ ಲಿಫ್ಟಿನ ಲೈಸೆನ್ಸ್. ಉದ್ಘಾಟನೆಗೆ ಶಾಮಿಯಾನ ಹಾಕಿ ಮಂತ್ರಿಗಳನ್ನು ಕರೆದಿದ್ದರೂ ಸರಿ, ಆ ಎರಡು ಕಾಗದ ಕಾಣುವ ತನಕ ಅವರ ಸಾಮಾನು ನಿಮ್ಮ ಮನೆಯಲ್ಲೇ ಇರಲಿ.